ಎರಡನೇ ಡೆಂಗಿ: ದೇಹದ ನೆನಪು ದಾರಿ ತಪ್ಪಿದಾಗ

ಒಮ್ಮೆ ಬಂದ ಕಾಯಿಲೆ ಮತ್ತೆ ಬಾರದಂತೆ ಕಾಯುವ ರೋಗನಿರೋಧಕ ವ್ಯವಸ್ಥೆ ಡೆಂಗಿಯ ಎದುರು ಏಕೆ ಎಡವುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸೋಂಕಿಗೆ ನಮ್ಮ ದೇಹ ಹೇಗೆ ಸ್ಪಂದಿಸುತ್ತದೆ ಎಂಬ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ.

ಕ್ಯೂಬಾದಲ್ಲಿ 1977ರಲ್ಲಿ ಡೆಂಗಿ ಹರಡಿತು. ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸೋಂಕು ತಗುಲಿತು. ಬಹುತೇಕರು ಕೆಲವು ದಿನ ಜ್ವರದಲ್ಲಿ ಮಲಗಿ, ಮೈಕೈ ನೋವಿನಲ್ಲಿ ನರಳಿ, ಆಮೇಲೆ ಎದ್ದು ಓಡಾಡಿದರು. ನಾಲ್ಕು ವರ್ಷ ಕಳೆದು 1981ರಲ್ಲಿ ಡೆಂಗಿ ಮತ್ತೆ ಬಂತು. ಈ ಸಲ ಆಸ್ಪತ್ರೆಗಳು ತುಂಬಿ ತುಳುಕಿದವು. ಮೂಗು ಮತ್ತು ವಸಡುಗಳಲ್ಲಿ ರಕ್ತ, ತಡೆಯಲಾರದ ಹೊಟ್ಟೆನೋವು, ನೋಡನೋಡುತ್ತಲೇ ಕುಸಿಯುವ ರಕ್ತದೊತ್ತಡ. ಆ ಒಂದು ಅಲೆಯಲ್ಲಿ 3,44,203 ಪ್ರಕರಣಗಳು ದಾಖಲಾದವು. 158 ಮಂದಿ ತೀರಿಕೊಂಡರು. ಅವರಲ್ಲಿ 101 ಮಕ್ಕಳು.

ಹವಾನಾದ ವಿಜ್ಞಾನಿಗಳಾದ ಗುವಾಡಲುಪೆ ಗುಜ್ಮಾನ್, ಗುಸ್ತಾವೊ ಕೌರಿ ಮತ್ತು ಸಂಗಡಿಗರು ರೋಗಿಗಳ ರಕ್ತ ಪರೀಕ್ಷಿಸಿದಾಗ ವಿಚಿತ್ರ ಸಂಗತಿಯೊಂದು ಕಾಣಿಸಿತು. ತೀವ್ರ ಸ್ಥಿತಿಗೆ ಹೋದವರಲ್ಲಿ ಬಹುತೇಕ ಎಲ್ಲರೂ 1977ರಲ್ಲಿ ಒಮ್ಮೆ ಡೆಂಗಿ ಸೋಂಕು ಕಂಡವರೇ. ಮೊದಲ ಅಲೆ ಮುಗಿದ ಮೇಲೆ ಹುಟ್ಟಿದ ಒಂದೆರಡು ವರ್ಷದ ಮಕ್ಕಳಿಗೂ ಸೋಂಕು ತಗುಲಿತ್ತು. ಆದರೆ ಅವರಲ್ಲಿ ತೀವ್ರ ಕಾಯಿಲೆ ಅಪರೂಪವಾಗಿತ್ತು.

ಒಮ್ಮೆ ಕಾಯಿಲೆ ಬಂದು ಹೋದರೆ ದೇಹಕ್ಕೆ ರಕ್ಷಣೆ ಸಿಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕ್ಯೂಬಾದಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ. ಹಾಗೆಂದು ಓದಿದ್ದು ಸುಳ್ಳಲ್ಲ, ಅದು ಅರ್ಧ ಸತ್ಯ. ರೋಗನಿರೋಧಕ ಶಕ್ತಿ ಎಂದರೆ ಕುಡಿದು, ತಿಂದು ಏರಿಸಿಕೊಳ್ಳಬಹುದಾದ ಒಂದು ಪ್ರಮಾಣ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ನಿಜದಲ್ಲಿ ಅದು ಗುರುತಿಸುವ, ಕಲಿಯುವ, ನೆನಪಿಡುವ ಮತ್ತು ಸಕಾಲದಲ್ಲಿ ತಣ್ಣಗಾಗುವ ಕೆಲಸ. ಗುರುತು ತಪ್ಪಿದರೆ, ಅಥವಾ ತಣ್ಣಗಾಗುವುದು ತಡವಾದರೆ, ಕಾಯುವ ವ್ಯವಸ್ಥೆಯಿಂದಲೇ ಕೇಡಾಗುತ್ತದೆ. ಇದನ್ನು ಡೆಂಗಿಯಷ್ಟು ಸ್ಪಷ್ಟವಾಗಿ ತೋರಿಸುವ ಕಾಯಿಲೆ ಇನ್ನೊಂದು ಸಿಗುವುದು ಕಷ್ಟ.

ಸೊಳ್ಳೆ ಕಚ್ಚಿದ ಬಳಿಕ

ಈಡಿಸ್ ಈಜಿಪ್ಟೈ ಹಗಲು ಹೊತ್ತಿನಲ್ಲಿ ಕಚ್ಚುವ ಸೊಳ್ಳೆ. ಅದರ ಜೊಲ್ಲಿನ ಜತೆ ಚರ್ಮದೊಳಗೆ ಇಳಿಯುವ ಡೆಂಗಿ ವೈರಸ್ಸಿನ ಅಡ್ಡಳತೆ ಸುಮಾರು 50 ನ್ಯಾನೊಮೀಟರ್. ಇಪ್ಪತ್ತು ಸಾವಿರ ವೈರಸ್ಸುಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಅದರ ಬಳಿ ಇರುವುದು ಒಂದೆಳೆ ಆರ್‌ಎನ್‌ಎ, ಅದರಿಂದ ತಯಾರಾಗುವ ಹತ್ತು ಪ್ರೋಟೀನು, ಅಷ್ಟೆ.

ಚರ್ಮದಡಿ ಅದಕ್ಕೆ ಮೊದಲು ಎದುರಾಗುವುದು ಕವಲು ಕವಲಾಗಿ ಚಾಚಿಕೊಂಡಿರುವ ಡೆಂಡ್ರೈಟಿಕ್ ಕೋಶಗಳು. ರಾಲ್ಫ್ ಸ್ಟೈನ್‌ಮನ್ ಅವರು ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಈ ಕೋಶಗಳನ್ನು ಮೊದಲ ಬಾರಿಗೆ ವಿವರಿಸಿದರು. ಅನ್ಯ ವಸ್ತುವನ್ನು ಹಿಡಿದು, ತುಂಡು ಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಬಿಳಿ ರಕ್ತಕಣಗಳಿಗೆ ತೋರಿಸುವುದು ಇವುಗಳ ಕಸುಬು. ಡೆಂಗಿ ವೈರಸ್ ಮೊದಲು ನುಗ್ಗುವುದು ಇದೇ ಕೋಶಗಳೊಳಗೆ. ಸುದ್ದಿ ಮುಟ್ಟಿಸಲು ಹೊರಟ ಕೋಶ ಸೋಂಕನ್ನೂ ಹೊತ್ತುಕೊಂಡೇ ದುಗ್ಧಗ್ರಂಥಿ ತಲುಪುತ್ತದೆ.

ಆದರೂ ಕೋಶ ಸುಮ್ಮನಿರುವುದಿಲ್ಲ. ವೈರಸ್ಸಿನ ಆರ್‌ಎನ್‌ಎ ನಮ್ಮದಲ್ಲ ಎಂದು ಪತ್ತೆಹಚ್ಚುವ ಪ್ರೋಟೀನುಗಳು ಅದರೊಳಗಿವೆ. ಅವುಗಳಲ್ಲಿ ಮುಖ್ಯವಾದವು ಟೋಲ್ ಮಾದರಿಯ ಗ್ರಾಹಕಗಳು. ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ತಂಡ 1996ರಲ್ಲಿ ಹಣ್ಣಿನ ನೊಣದಲ್ಲಿ ಸೋಂಕಿನ ವಿರುದ್ಧ ಟೋಲ್ ಜೀನಿನ ಪಾತ್ರವನ್ನು ಕಂಡುಹಿಡಿಯಿತು. ಎರಡು ವರ್ಷಗಳ ನಂತರ ಅಮೆರಿಕದ ಬ್ರೂಸ್ ಬಾಯ್ಟ್ಲರ್ ಸಸ್ತನಿಗಳಲ್ಲಿ ಅದರ ಜೋಡಿಯನ್ನು ತೋರಿಸಿದರು. ಸ್ಟೈನ್‌ಮನ್ ಜತೆಗೆ ಇವರಿಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಪ್ರಶಸ್ತಿ ಪ್ರಕಟವಾಗುವ ಮೂರು ದಿನ ಮೊದಲೇ ಸ್ಟೈನ್‌ಮನ್ ತೀರಿಕೊಂಡಿದ್ದರು. ಆಯ್ಕೆ ಸಮಿತಿಗೆ ಅದು ಗೊತ್ತಿರಲಿಲ್ಲ. ವಿಷಯ ತಿಳಿದ ಮೇಲೂ ಪ್ರಶಸ್ತಿಯನ್ನು ಅವರ ಹೆಸರಿನಲ್ಲೇ ಉಳಿಸಲಾಯಿತು.

ಅನ್ಯ ಆರ್‌ಎನ್‌ಎ ಕಂಡ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸುರಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದ ವಸ್ತು ಇದು. ಇಂಟರ್‌ಫೆರಾನ್ ತಾಗಿದ ನೆರೆಯ ಕೋಶಗಳು ವೈರಸ್ ಒಳಬಂದರೂ ಬೆಳೆಯದಂತೆ ತಮ್ಮೊಳಗಿನ ಕೆಲಸಗಳನ್ನು ಬದಲಿಸಿಕೊಳ್ಳುತ್ತವೆ. ಡೆಂಗಿ ವೈರಸ್ ಇದಕ್ಕೂ ಪ್ರತಿತಂತ್ರ ಹೂಡುತ್ತದೆ. ಅದರ ಎನ್‌ಎಸ್5 ಎಂಬ ಪ್ರೋಟೀನು ಇಂಟರ್‌ಫೆರಾನ್ ಕಳಿಸಿದ ಸಂದೇಶ ಕೋಶದ ಕೇಂದ್ರಕ್ಕೆ ಮುಟ್ಟದಂತೆ ಮಧ್ಯದಲ್ಲೇ ತುಂಡರಿಸುತ್ತದೆ. ಹೀಗೆ ಸಿಕ್ಕ ಬಿಡುವಿನಲ್ಲಿ ವೈರಸ್ ರಕ್ತಕ್ಕೆ ಇಳಿದು ಹೆಚ್ಚುತ್ತದೆ.

ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಏರುತ್ತದೆ. ಈ ಜ್ವರ ಬರಿಸುವುದು ವೈರಸ್ಸಲ್ಲ, ನಮ್ಮದೇ ದೇಹ. ಬಿಳಿ ರಕ್ತಕಣಗಳು ಬಿಡುಗಡೆ ಮಾಡಿದ ಸೈಟೊಕೈನ್ ಎಂಬ ಸಂದೇಶ ರಾಸಾಯನಿಕಗಳು ಮೆದುಳಿನ ಹೈಪೊಥಲಾಮಸ್ ಭಾಗಕ್ಕೆ ತಾಪಮಾನ ಏರಿಸಲು ಸೂಚಿಸುತ್ತವೆ. ಮೈ ಬಿಸಿಯಾದರೆ ಹಲವು ವೈರಸ್ಸುಗಳ ವೃದ್ಧಿ ಕುಂಠಿತವಾಗುತ್ತದೆ, ಬಿಳಿ ರಕ್ತಕಣಗಳ ಓಡಾಟ ಚುರುಕಾಗುತ್ತದೆ. ಮೂಳೆ ಮುರಿದಂಥ ನೋವು, ಸುಸ್ತು, ಊಟ ಸೇರದಿರುವುದು, ಇವೆಲ್ಲವೂ ಬಹುಮಟ್ಟಿಗೆ ಇದೇ ಸಂದೇಶಗಳ ಫಲ.

ಕಲಿಯುವ ಕೋಶಗಳು

ಇಲ್ಲಿಯವರೆಗೆ ನಡೆದದ್ದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಅದಕ್ಕೆ ವೈರಸ್ ಎಂಬುದು ಗೊತ್ತಾಗುತ್ತದೆ, ಯಾವ ವೈರಸ್ ಎಂಬುದು ಗೊತ್ತಾಗುವುದಿಲ್ಲ. ಎರಡನೆಯ ಹಂತ ಶುರುವಾಗುವುದು ಕುತ್ತಿಗೆ, ಕಂಕುಳು, ತೊಡೆಸಂದುಗಳ ದುಗ್ಧಗ್ರಂಥಿಗಳಲ್ಲಿ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ ಅಲ್ಲೇ ಬೆಳೆದ ಬಿ ಕೋಶಗಳು, ಮಜ್ಜೆಯಲ್ಲೇ ಹುಟ್ಟಿ ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪಳಗಿದ ಟಿ ಕೋಶಗಳು ದುಗ್ಧಗ್ರಂಥಿಗಳಲ್ಲಿ ಓಡಾಡುತ್ತಿರುತ್ತವೆ. ಒಂದೊಂದು ಕೋಶದ ಮೈಮೇಲೂ ಒಂದೊಂದು ಬಗೆಯ ಗ್ರಾಹಕ. ಡೆಂಡ್ರೈಟಿಕ್ ಕೋಶ ತಂದು ತೋರಿಸಿದ ತುಣುಕು ಯಾವ ಕೋಶದ ಗ್ರಾಹಕಕ್ಕೆ ಹೊಂದುತ್ತದೋ ಆ ಕೋಶ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರು ಪಟ್ಟು ಬೆಳೆಯುತ್ತದೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಮುಂದಿಟ್ಟ ಈ ವಿಚಾರದ ಮೇಲೆಯೇ ಇಂದಿನ ರೋಗನಿರೋಧ ವಿಜ್ಞಾನ ನಿಂತಿದೆ.

ಹಾಗಾದರೆ ಜಗತ್ತಿನಲ್ಲಿರುವ ಎಲ್ಲ ರೋಗಾಣುಗಳಿಗೂ ಹೊಂದುವಷ್ಟು ಬಗೆಯ ಗ್ರಾಹಕಗಳು ಎಲ್ಲಿಂದ ಬರಬೇಕು? ಮನುಷ್ಯನಲ್ಲಿರುವ ಪ್ರೋಟೀನು ಜೀನುಗಳೇ ಸುಮಾರು ಇಪ್ಪತ್ತು ಸಾವಿರ. ಈ ಒಗಟು ಬಿಡಿಸಿದವರು ಜಪಾನಿನ ಸುಸುಮು ಟೊನೆಗಾವಾ. ಬಿ ಕೋಶ ಬೆಳೆಯುವಾಗ ತನ್ನ ಜೀನಿನ ತುಣುಕುಗಳನ್ನೇ ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತದೆ ಎಂದು ಅವರು 1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೋರಿಸಿಕೊಟ್ಟರು. ಈ ಗ್ರಾಹಕದ, ಅಂದರೆ ಮುಂದೆ ಪ್ರತಿಕಾಯವಾಗಿ ಹೊರಬರುವ ಪ್ರೋಟೀನಿನ, ದೊಡ್ಡ ಸರಪಳಿಗೆ ಬೇಕಾದ ತುಣುಕುಗಳು ಮೂರು ಗುಂಪಿನಲ್ಲಿವೆ. ಒಂದರಲ್ಲಿ ಸುಮಾರು 40, ಇನ್ನೊಂದರಲ್ಲಿ 23, ಮತ್ತೊಂದರಲ್ಲಿ 6. ಗುಂಪಿಗೊಂದರಂತೆ ಆರಿಸಿ ಜೋಡಿಸಿದರೆ ಐದೂವರೆ ಸಾವಿರ ಬಗೆ. ಚಿಕ್ಕ ಸರಪಳಿಯ ಬಗೆಗಳನ್ನೂ ಸೇರಿಸಿ ಗುಣಿಸಿದರೆ ಹದಿನೆಂಟು ಲಕ್ಷದ ಆಸುಪಾಸು. ಜೋಡಿಸುವ ಜಾಗಗಳಲ್ಲಿ ಆಗುವ ಏರುಪೇರು ಸೇರಿದರೆ ಲೆಕ್ಕ ಕೋಟಿಗಳನ್ನು ದಾಟುತ್ತದೆ. ಬೆರಳೆಣಿಕೆಯ ಸ್ವರ, ವ್ಯಂಜನ, ಒತ್ತಕ್ಷರಗಳಿಂದ ಎಂದೂ ಮುಗಿಯದಷ್ಟು ಪದಗಳನ್ನು ನಾವು ಕಟ್ಟಿಕೊಳ್ಳುತ್ತೇವಲ್ಲ, ಹಾಗೆ.

ಆಯ್ಕೆಯಾದ ಬಿ ಕೋಶಗಳು ದುಗ್ಧಗ್ರಂಥಿಯೊಳಗೆ ಇನ್ನಷ್ಟು ಪಕ್ವವಾಗುತ್ತವೆ. ಪ್ರತಿ ವಿಭಜನೆಯಲ್ಲೂ ಗ್ರಾಹಕದಲ್ಲಿ ಸಣ್ಣ ಬದಲಾವಣೆ. ವೈರಸ್ಸಿಗೆ ಬಿಗಿಯಾಗಿ ಅಂಟುವ ಕೋಶ ಉಳಿಯುತ್ತದೆ, ಸಡಿಲವಾದದ್ದು ಸಾಯುತ್ತದೆ. ಉಳಿದವು ಪ್ರತಿಕಾಯ ಉತ್ಪಾದಿಸುವ ಕೋಶಗಳಾಗುತ್ತವೆ. ಪ್ರತಿಕಾಯ ವೈರಸ್ಸಿನ ಮೈಗೆ ಅಂಟಿ, ಅದು ಕೋಶದೊಳಗೆ ಹೋಗದಂತೆ ತಡೆಯುತ್ತದೆ. ಆಗಲೇ ಒಳಹೊಕ್ಕ ವೈರಸ್ಸಿನ ಪಾಲಿಗೆ ಟಿ ಕೋಶಗಳಿವೆ. ಸೋಂಕಿತ ಕೋಶಗಳು ವೈರಸ್ಸಿನ ಚೂರುಗಳನ್ನು ಮೈಮೇಲೆ ಪ್ರದರ್ಶಿಸುತ್ತವೆ. ಅದನ್ನು ಗುರುತಿಸಿದ ಟಿ ಕೋಶ ಆ ಕೋಶವನ್ನೇ ಕೊಲ್ಲುತ್ತದೆ.

ಡೆಂಗಿಯ ರಕ್ತಪರೀಕ್ಷೆಯ ವರದಿ ಈ ಹಂತಗಳ ದಿನಚರಿಯೇ ಆಗಿದೆ. ಎನ್‌ಎಸ್1 ವೈರಸ್ಸಿನದೇ ಪ್ರೋಟೀನು. ಹಾಗಾಗಿ ಜ್ವರದ ಮೊದಲ ಐದು ದಿನಗಳಲ್ಲಿ ಅದು ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ. ಐಜಿಎಂ ಮೊದಲಿಗೆ ತಯಾರಾಗುವ ಪ್ರತಿಕಾಯ, ಸುಮಾರು ಐದನೇ ದಿನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಐಜಿಜಿ ನಂತರ ಬರುವ, ಹೆಚ್ಚು ಕಾಲ ಉಳಿಯುವ ಪ್ರತಿಕಾಯ. ಮೊದಲ ಸಲದ ಸೋಂಕಿನಲ್ಲಿ ಅದು ಮೇಲೇರಲು ವಾರ ದಾಟುತ್ತದೆ. ಜ್ವರ ಬಂದ ಕೆಲವೇ ದಿನಗಳಲ್ಲಿ ಐಜಿಜಿ ಜೋರಾಗಿದ್ದರೆ ಇದು ಎರಡನೆಯದೋ ಮೂರನೆಯದೋ ಸೋಂಕಿರಬಹುದು ಎಂದು ವೈದ್ಯರು ಊಹಿಸುತ್ತಾರೆ.

ಅರವತ್ತೈದು ವರ್ಷದ ನೆನಪು

ಸೋಂಕು ಮುಗಿದ ಮೇಲೆ ಬೆಳೆದ ಕೋಶಗಳಲ್ಲಿ ಹೆಚ್ಚಿನವು ಸಾಯುತ್ತವೆ. ಸಾಯಲೇಬೇಕು, ಇಲ್ಲವಾದರೆ ದೇಹ ಸದಾ ಉರಿಯುತ್ತಿರುತ್ತದೆ. ಒಂದು ಸಣ್ಣ ಪಾಲು ಮಾತ್ರ ನೆನಪಿನ ಕೋಶಗಳಾಗಿ ಉಳಿಯುತ್ತದೆ. ಪ್ರತಿಕಾಯ ತಯಾರಿಸುವ ಕೆಲವು ಕೋಶಗಳು ಮೂಳೆಯ ಮಜ್ಜೆಯಲ್ಲಿ ನೆಲೆಸಿ ದಶಕಗಟ್ಟಲೆ ಕೆಲಸ ಮಾಡುತ್ತವೆ.

ಈ ನೆನಪು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಹಳೆಯ, ಆದರೆ ಇಂದಿಗೂ ಮಾನ್ಯವಾದ ಪುರಾವೆ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳದ್ದು. ಅಲ್ಲಿ 1846ರಲ್ಲಿ ದಡಾರ ಹಬ್ಬಿ, ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಮನೆಮನೆ ಅಲೆದು ವಿವರ ಕಲೆಹಾಕಿದರು. ದ್ವೀಪದಲ್ಲಿ ಹಿಂದೆ ದಡಾರ ಬಂದದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ಕಾಯಿಲೆ ಉಂಡು, ಈಗ ಮುದುಕರಾಗಿದ್ದವರಲ್ಲಿ ಅವರು ಕಂಡ ಒಬ್ಬರಿಗೂ ದಡಾರ ಮತ್ತೆ ಬಂದಿರಲಿಲ್ಲ. ನಡುವಿನ ಅರವತ್ತೈದು ವರ್ಷ ದ್ವೀಪದಲ್ಲಿ ವೈರಸ್ಸೇ ಇರಲಿಲ್ಲ. ಆದರೂ ದೇಹ ಮರೆತಿರಲಿಲ್ಲ. ಲಸಿಕೆಗಳು ಕೆಲಸ ಮಾಡುವುದು ಈ ನೆನಪನ್ನು ನಂಬಿಕೊಂಡೇ. ಕಾಯಿಲೆ ತರಿಸದೆ ನೆನಪನ್ನಷ್ಟೇ ಮೂಡಿಸುವುದು ಅವುಗಳ ಉದ್ದೇಶ.

ದಡಾರದ ವಿಷಯದಲ್ಲಿ ನೆನಪು ಇಷ್ಟು ನಿಷ್ಠವಾಗಿರಲು ಒಂದು ಕಾರಣ, ಪ್ರತಿಕಾಯಗಳ ಕಣ್ಣಿಗೆ ದಡಾರದ ವೈರಸ್ ಒಂದೇ ಬಗೆಯದು. ಡೆಂಗಿ ಹಾಗಲ್ಲ. ಅದರಲ್ಲಿ ನಾಲ್ಕು ಬಗೆಗಳಿವೆ, ಮತ್ತು ಆ ನಾಲ್ಕೂ ಭಾರತದಲ್ಲಿ ಓಡಾಡುತ್ತಿವೆ. ತೊಡಕು ಹುಟ್ಟುವುದು ಇಲ್ಲಿ. ನಾಲ್ಕೂ ಒಂದೇ ಆಗಿದ್ದರೆ ಒಂದು ಸಲದ ಕಾಯಿಲೆಯೇ ಸಾಕಾಗುತ್ತಿತ್ತು. ನಾಲ್ಕೂ ಪೂರಾ ಬೇರೆಯಾಗಿದ್ದರೆ ಪ್ರತಿ ಸಲವೂ ಹೊಸ ಕಾಯಿಲೆಯಾಗುತ್ತಿತ್ತು. ಅವು ಅರ್ಧ ಹೋಲುತ್ತವೆ, ಅರ್ಧ ಹೋಲುವುದಿಲ್ಲ.

ಅಂಟುವ ಪ್ರತಿಕಾಯ, ತಡೆಯದ ಪ್ರತಿಕಾಯ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆಲ್ಬರ್ಟ್ ಸೇಬಿನ್ ಸ್ವಯಂಸೇವಕರ ಮೇಲೆ ಡೆಂಗಿಯ ಪ್ರಯೋಗ ನಡೆಸಿದ್ದರು. ಮುಂದೆ ಪೋಲಿಯೊ ಹನಿ ಕೊಟ್ಟವರೂ ಇವರೇ. ಒಂದು ಬಗೆಯ ಡೆಂಗಿ ಬಂದವರಿಗೆ ಅದೇ ಬಗೆ ಮತ್ತೆ ಬರಲಿಲ್ಲ. ಬೇರೆ ಬಗೆಯ ವಿರುದ್ಧ ರಕ್ಷಣೆ ಸಿಕ್ಕಿದ್ದು ಕೆಲವೇ ತಿಂಗಳು. ಆ ಕೆಲವು ತಿಂಗಳು ಮುಗಿದ ಮೇಲೆ ಏನಾಗುತ್ತದೆ ಎಂಬುದು 1950ರ ದಶಕದಲ್ಲಿ ಮನಿಲಾ ಮತ್ತು ಬ್ಯಾಂಕಾಕ್‌ಗಳಲ್ಲಿ ಮಕ್ಕಳು ರಕ್ತಸ್ರಾವದ ಜ್ವರದಿಂದ ಸಾಯತೊಡಗಿದಾಗ ಬಯಲಾಗುತ್ತಾ ಬಂತು.

ಅರವತ್ತರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಎರಡು ಗುಂಪಿನ ಮಕ್ಕಳನ್ನು ಗಮನಿಸಿದರು. ತೀವ್ರ ಡೆಂಗಿ ಬರುತ್ತಿದ್ದುದು ಒಂದೋ ಎರಡನೇ ಸಲ ಸೋಂಕಾದ ಮಕ್ಕಳಿಗೆ, ಇಲ್ಲವೇ ವರ್ಷ ತುಂಬದ ಹಸುಗೂಸುಗಳಿಗೆ. ಹಸುಗೂಸುಗಳಿಗೆ ಅದು ಮೊದಲ ಸೋಂಕು. ಆದರೆ ಅವುಗಳ ತಾಯಂದಿರಿಗೆ ಹಿಂದೆ ಡೆಂಗಿ ಬಂದಿತ್ತು. ಗರ್ಭದಲ್ಲಿದ್ದಾಗ ತಾಯಿಯಿಂದ ಪ್ರತಿಕಾಯಗಳು ಮಗುವಿಗೆ ಬಂದಿರುತ್ತವೆ. ಮೊದಲ ತಿಂಗಳುಗಳಲ್ಲಿ ಅವು ಮಗುವನ್ನು ಕಾಯುತ್ತವೆ. ಅವುಗಳ ಮಟ್ಟ ಇಳಿದಾಗ, ಪೂರ್ತಿ ಹೋಗುವ ಮುನ್ನ, ಮಗು ಅಪಾಯಕ್ಕೆ ಸಿಗುತ್ತದೆ. ಎರಡೂ ಗುಂಪಿನಲ್ಲಿ ಸಮಾನವಾದದ್ದು ಒಂದೇ: ಹಳೆಯ ಪ್ರತಿಕಾಯ.

ಇದರ ಒಳಗುಟ್ಟು ಹೀಗಿದೆ. ಬೇರೆ ಬಗೆಯ ವೈರಸ್ ಬಂದಾಗ ದೇಹ ಹೊಸದಾಗಿ ಕಲಿಯಲು ಕಾಯುವುದಿಲ್ಲ, ಹಳೆಯ ನೆನಪಿನ ಕೋಶಗಳನ್ನೇ ಎಬ್ಬಿಸುತ್ತದೆ. ಅವು ಹಳೆಯ ಬಗೆಗೆ ಹೊಂದುವ ಪ್ರತಿಕಾಯಗಳನ್ನು ಸುರಿಸುತ್ತವೆ. ಆ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟುತ್ತವೆ, ಆದರೆ ಅದರ ಕೈಕಾಲು ಕಟ್ಟುವಷ್ಟು ಬಿಗಿಯಾಗಿ ಅಲ್ಲ. ಮಾನೊಸೈಟ್, ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣಗಳ ಮೈಮೇಲೆ ಪ್ರತಿಕಾಯದ ಬಾಲವನ್ನು ಹಿಡಿಯುವ ಗ್ರಾಹಕಗಳಿವೆ. ಪ್ರತಿಕಾಯ ಹೊತ್ತ ರೋಗಾಣುವನ್ನು ನುಂಗಿ ಅರಗಿಸಿಕೊಳ್ಳಲೆಂದು ಇರುವ ಏರ್ಪಾಡು ಅದು. ಡೆಂಗಿ ವೈರಸ್ ಅದೇ ಬಾಗಿಲಿನಿಂದ ಒಳಗೆ ಹೋಗಿ, ಅರಗುವ ಬದಲು ಅಲ್ಲೇ ಸಂತತಿ ಬೆಳೆಸುತ್ತದೆ. ಪ್ರತಿಕಾಯ ಇಲ್ಲದಿದ್ದರೆ ಪ್ರವೇಶವೇ ಕಷ್ಟವಿದ್ದ ಕೋಶಗಳಿಗೆ ಪ್ರತಿಕಾಯವೇ ವೈರಸ್ಸನ್ನು ಸೇರಿಸಿದಂತಾಯಿತು. ಪ್ರತಿಕಾಯದಿಂದ ಸೋಂಕು ಹೆಚ್ಚುವ ಈ ವಿದ್ಯಮಾನವನ್ನು ಆಸ್ಟ್ರೇಲಿಯದ ಹಾಕ್ಸ್ ಎಂಬ ವಿಜ್ಞಾನಿ 1964ರಲ್ಲೇ ಪ್ರಯೋಗಾಲಯದಲ್ಲಿ ಕಂಡಿದ್ದರು. ಡೆಂಗಿಯಲ್ಲಿ ಮಾನೊಸೈಟ್‌ಗಳೊಳಗೆ ಅದು ನಡೆಯುವುದನ್ನು ಹಾಲ್‌ಸ್ಟೆಡ್ 1977ರಲ್ಲಿ ತೋರಿಸಿದರು.

ಬಹುಕಾಲ ಇದು ವಾದವಾಗಿಯೇ ಉಳಿದಿತ್ತು. ಮನುಷ್ಯರಲ್ಲಿ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 2017ರಲ್ಲಿ, ನಿಕರಾಗುವಾ ದೇಶದಿಂದ. ಅಲ್ಲಿನ ರಾಜಧಾನಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹನ್ನೆರಡು ವರ್ಷಗಳ ಅವಧಿಯಲ್ಲಿ ಗಮನಿಸಿ, ವರ್ಷವರ್ಷವೂ ರಕ್ತದ ಮಾದರಿ ತೆಗೆದಿಡಲಾಗಿತ್ತು. ಪ್ರತಿಕಾಯ ಇಲ್ಲದ ಮಕ್ಕಳಿಗಿಂತ, ನಡುಮಟ್ಟದಲ್ಲಿ ಪ್ರತಿಕಾಯ ಇದ್ದ ಮಕ್ಕಳಿಗೆ ತೀವ್ರ ಡೆಂಗಿಯ ಅಪಾಯ ಏಳು ಪಟ್ಟಿಗೂ ಹೆಚ್ಚಿತ್ತು. ಪ್ರತಿಕಾಯ ಬಹಳ ಹೆಚ್ಚಿದ್ದವರಿಗೆ ರಕ್ಷಣೆ ಇತ್ತು. ಅಪಾಯ ಇದ್ದುದು ನಡುವಿನ ಆ ಮಟ್ಟದಲ್ಲಿ.

ಕ್ಯೂಬಾದಲ್ಲೇ ಇನ್ನೊಂದು ಪುರಾವೆ 1997ರಲ್ಲಿ ಸಿಕ್ಕಿತ್ತು. ಸ್ಯಾಂಟಿಯಾಗೊ ನಗರಕ್ಕೆ, 1981ರಂತೆಯೇ, ಎರಡನೇ ಬಗೆಯ ಡೆಂಗಿ ಬಂದಾಗ ತೀವ್ರ ಸ್ಥಿತಿಗೆ ಹೋದವರು ದೊಡ್ಡವರು. ಇಪ್ಪತ್ತು ವರ್ಷಗಳ ಹಿಂದೆ ಮೊದಲ ಬಗೆಯ ಸೋಂಕು ಕಂಡಿದ್ದ ತಲೆಮಾರು ಅದು. ದೇಹ ಇಪ್ಪತ್ತು ವರ್ಷವೂ ಆ ನೆನಪನ್ನು ಇಟ್ಟುಕೊಂಡಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಎರಡನೇ ಸಲ ಡೆಂಗಿ ಬಂದ ಬಹುಪಾಲು ಜನ ತೊಂದರೆಯಿಲ್ಲದೆ ಗುಣವಾಗುತ್ತಾರೆ. ತೀವ್ರ ಹಂತಕ್ಕೆ ಹೋಗುವುದು ಸಣ್ಣ ಪಾಲು. ಮೊದಲ ಸಲವೇ ತೀವ್ರವಾಗುವುದೂ ಉಂಟು. ಭಯ ಬೇಡ, ಆದರೆ ಎಚ್ಚರ ಬೇಕು.

ಜ್ವರ ಬಿಟ್ಟ ಮೇಲಿನ ಎರಡು ದಿನ

ಡೆಂಗಿಯಲ್ಲಿ ಪ್ರಾಣಕ್ಕೆ ಅಪಾಯ ಬರುವುದು ಜ್ವರ ಸುಡುವ ದಿನಗಳಲ್ಲಲ್ಲ. ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಿರುತ್ತದೆ. ಏರಿರುವುದು ದೇಹದ ಪ್ರತಿಕ್ರಿಯೆ. ಸೈಟೊಕೈನ್‌ಗಳು, ಜತೆಗೆ ವೈರಸ್ಸಿನ ಎನ್‌ಎಸ್1 ಪ್ರೋಟೀನು, ಅತಿ ಸೂಕ್ಷ್ಮ ರಕ್ತನಾಳಗಳ ಒಳಪದರವನ್ನು ಸಡಿಲಿಸುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ನಾಳಗಳಿಂದ ಸೋರಿ ಹೊಟ್ಟೆ ಮತ್ತು ಎದೆಯ ಪೊಳ್ಳುಗಳಲ್ಲಿ ನಿಲ್ಲುತ್ತದೆ. ನಾಳಗಳೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಬೀಳುತ್ತದೆ. ಸೋರಿಕೆ ನಡೆಯುವುದು ಒಂದರಿಂದ ಎರಡು ದಿನ ಮಾತ್ರ. ಅಷ್ಟು ಹೊತ್ತು ದ್ರವದ ಪ್ರಮಾಣ ಕಾಪಾಡಿಕೊಂಡರೆ ನಾಳಗಳು ತಾವಾಗಿಯೇ ಬಿಗಿಯಾಗುತ್ತವೆ, ಸೋರಿದ ದ್ರವ ಮರಳಿ ಬರುತ್ತದೆ. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲದಿದ್ದರೂ, ಸಕಾಲದ ಆರೈಕೆಯಿಂದ ತೀವ್ರ ಡೆಂಗಿಯ ಸಾವನ್ನು ನೂರಕ್ಕೆ ಒಂದಕ್ಕಿಂತ ಕೆಳಕ್ಕೆ ಇಳಿಸಲು ಸಾಧ್ಯವಾಗಿರುವುದು ಹೀಗೆ.

ನಮ್ಮಲ್ಲಿ ಡೆಂಗಿ ಎಂದರೆ ಪ್ಲೇಟ್‌ಲೆಟ್ ಎಣಿಕೆ ಎಂದಾಗಿಬಿಟ್ಟಿದೆ. ಎಣಿಕೆ ಮೂವತ್ತು ಸಾವಿರಕ್ಕೆ ಬಿತ್ತು ಎಂದರೆ ಬಂಧುಗಳು ರಕ್ತನಿಧಿಯಿಂದ ರಕ್ತನಿಧಿಗೆ ಓಡುತ್ತಾರೆ. ಸೋಂಕಿನ ದಿನಗಳಲ್ಲಿ ಮೂಳೆಯ ಮಜ್ಜೆಯ ಉತ್ಪಾದನೆ ತಗ್ಗುವುದರಿಂದ ಮತ್ತು ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಬೇಗ ನಾಶವಾಗುವುದರಿಂದ ಎಣಿಕೆ ಇಳಿಯುತ್ತದೆ, ಗುಣವಾಗುತ್ತಿದ್ದಂತೆ ತಾನೇ ಏರುತ್ತದೆ. ರಕ್ತಸ್ರಾವ ಇಲ್ಲದ ರೋಗಿಗಳಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಏರಿಸಿದರೆ ಲಾಭವಿದೆಯೇ ಎಂದು ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಯಿತು. ಎಣಿಕೆ ಇಪ್ಪತ್ತು ಸಾವಿರಕ್ಕೆ ಇಳಿದ ವಯಸ್ಕರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ರಕ್ತಪರೀಕ್ಷೆಯ ವರದಿಯಲ್ಲಿ ವೈದ್ಯರು ಕಣ್ಣಿಡುವ ಇನ್ನೊಂದು ಸಾಲು ಇದೆ: ಪಿಸಿವಿ, ಅಂದರೆ ಹಿಮಾಟೊಕ್ರಿಟ್, ರಕ್ತದಲ್ಲಿ ಕೆಂಪು ಕಣಗಳ ಪಾಲು. ಅದು ಏರುತ್ತಿದ್ದರೆ ಪ್ಲಾಸ್ಮಾ ಸೋರುತ್ತಿದೆ ಎಂದರ್ಥ. ಪ್ಲೇಟ್‌ಲೆಟ್ ಬೀಳುತ್ತಾ ಪಿಸಿವಿ ಏರುತ್ತಿದ್ದರೆ ಅದು ಅಪಾಯದ ಸೂಚನೆ. ಪರಂಗಿ ಎಲೆಯ ರಸದಿಂದ ಎಣಿಕೆ ತುಸು ಏರಿದ್ದನ್ನು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಸೋರಿಕೆಯನ್ನಾಗಲಿ ಸಾವನ್ನಾಗಲಿ ಅದು ತಪ್ಪಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ವಾಂತಿಯಾಗುತ್ತಿರುವ ಮಗುವಿಗೆ ಕಹಿರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದರಿಂದ ಆಗುವುದು ನಷ್ಟವೇ.

ಲಸಿಕೆಯ ಪಾಠ

ಪ್ರತಿಕಾಯದ ಈ ವಿಚಿತ್ರ ಗುಣ ಲಸಿಕೆಯನ್ನೂ ಬಿಡಲಿಲ್ಲ. ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾ ಜಗತ್ತಿನ ಮೊದಲ ಡೆಂಗಿ ಲಸಿಕೆ. 2015ರ ಡಿಸೆಂಬರಿನಲ್ಲಿ ಅದಕ್ಕೆ ಮೊದಲ ಅನುಮತಿ ಸಿಕ್ಕಿತು. ಮರುವರ್ಷ ಫಿಲಿಪ್ಪೀನ್ಸ್ ಸರ್ಕಾರ ಶಾಲಾಮಕ್ಕಳಿಗೆ ಅದನ್ನು ಕೊಡತೊಡಗಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಲಸಿಕೆ ಪಡೆದರು. 2017ರ ನವೆಂಬರ್ ಕೊನೆಯಲ್ಲಿ ಕಂಪನಿಯೇ ಹೊಸ ವಿಶ್ಲೇಷಣೆ ಪ್ರಕಟಿಸಿತು. ಮೊದಲೇ ಡೆಂಗಿ ಬಂದಿದ್ದವರಿಗೆ ಲಸಿಕೆಯಿಂದ ರಕ್ಷಣೆ ಇದೆ. ಎಂದೂ ಡೆಂಗಿ ಬಾರದವರಿಗೆ ಲಸಿಕೆ ಹಾಕಿದರೆ ಮುಂದೆ ಬರುವ ಸೋಂಕು ತೀವ್ರವಾಗುವ ಸಂಭವ ಹೆಚ್ಚು. ಅಂಥವರ ಪಾಲಿಗೆ ಲಸಿಕೆಯೇ ಮೊದಲ ಸೋಂಕಿನಂತೆ ಕೆಲಸ ಮಾಡಿತ್ತು. ಕೆಲವೇ ದಿನಗಳಲ್ಲಿ ಕಾರ್ಯಕ್ರಮ ನಿಂತಿತು. ಜನರ ಸಿಟ್ಟು, ಭಯ ಆ ಒಂದು ಲಸಿಕೆಗೆ ನಿಲ್ಲಲಿಲ್ಲ, ಎಲ್ಲ ಲಸಿಕೆಗಳ ಮೇಲಿನ ನಂಬಿಕೆಯೂ ಕುಸಿಯಿತು. 2019ರಲ್ಲಿ ಅಲ್ಲಿ ದಡಾರ ದೊಡ್ಡದಾಗಿ ಹರಡಿತು.

ಇದರಿಂದ ಲಸಿಕೆಗಳೇ ಕೆಟ್ಟವು ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ನಾಲ್ಕೂ ಬಗೆಗಳ ವಿರುದ್ಧ ಒಟ್ಟಿಗೇ, ಸಮತೂಕದಲ್ಲಿ ನೆನಪು ಮೂಡಿಸದ ಲಸಿಕೆ ಸಾಲದು ಎಂಬುದು ಅದರ ನಿಜವಾದ ಪಾಠ. ಇಂದಿನ ಸಂಶೋಧನೆ ಆ ಪಾಠ ಕಲಿತೇ ನಡೆದಿದೆ. ಜಪಾನಿನ ತಕೇಡಾ ಕಂಪನಿಯ ಲಸಿಕೆಗೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ದೊರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪನೇಸಿಯಾ ಬಯೊಟೆಕ್ ಜತೆಗೂಡಿ, ದುರ್ಬಲಗೊಳಿಸಿದ ನಾಲ್ಕೂ ವೈರಸ್ಸುಗಳಿರುವ ಒಂದೇ ಡೋಸಿನ ದೇಶೀ ಲಸಿಕೆಯ ಮೂರನೇ ಹಂತದ ಪರೀಕ್ಷೆಯನ್ನು ಆರಂಭಿಸಿದವು. ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅದಕ್ಕೆ ಸೇರಿಸಿಕೊಳ್ಳುವುದು ಆಗಿನ ಯೋಜನೆಯಾಗಿತ್ತು. ಇಂಥ ಪರೀಕ್ಷೆಗೆ ವರ್ಷಗಳು ಬೇಕು. ಆ ತಾಳ್ಮೆಯ ಬೆಲೆ ಏನೆಂದು ಫಿಲಿಪ್ಪೀನ್ಸ್ ಹೇಳಿಕೊಟ್ಟಿದೆ.

ನಾವು ಮಾಡಬೇಕಾದದ್ದು

ಈ ಇಡೀ ವಿಚಾರ ನಮಗೆ ಎಷ್ಟು ಹತ್ತಿರದ್ದು ಎಂಬುದಕ್ಕೆ ಒಂದು ಅಂಕಿ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ರಕ್ತ ಸಮೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 5ರಿಂದ 45 ವರ್ಷದವರಲ್ಲಿ ಹಿಂದೆ ಡೆಂಗಿ ತಗುಲಿದ್ದ ಗುರುತು ದೇಶದಲ್ಲಿ ಶೇ 48.7 ಮಂದಿಗಿತ್ತು. ದಕ್ಷಿಣ ಭಾರತದಲ್ಲಿ ಅದು ಶೇ 76.9. ಅಂದರೆ ನಾಲ್ವರಲ್ಲಿ ಮೂವರು. ಅವರಲ್ಲಿ ಬಹಳ ಮಂದಿಗೆ ತಮಗೆ ಡೆಂಗಿ ಬಂದು ಹೋದದ್ದೇ ಗೊತ್ತಿರುವುದಿಲ್ಲ, ಏಕೆಂದರೆ ಎಷ್ಟೋ ಸೋಂಕುಗಳು ಲಕ್ಷಣವೇ ಇಲ್ಲದೆ ದಾಟಿಹೋಗುತ್ತವೆ. ನಮ್ಮ ಊರುಗಳಲ್ಲಿ ಡೆಂಗಿ ಬಂದವರಲ್ಲಿ ಅನೇಕರಿಗೆ ಅದು ಎರಡನೆಯದು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಯೆಂದು ಅಧಿಸೂಚನೆಯಲ್ಲಿ ಘೋಷಿಸಿದ್ದರ ಹಿಂದೆ ಆ ವರ್ಷದ ಕಹಿ ಅನುಭವವಿತ್ತು.

ಹೀಗಿರುವಾಗ ರೋಗನಿರೋಧಕ ಶಕ್ತಿ ಹೆಚ್ಚಿಸುವುದಾಗಿ ಹೇಳುವ ಪುಡಿ, ಮಾತ್ರೆ, ಪಾನಕಗಳ ಮೇಲೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಡೆಂಗಿಯಲ್ಲಿ ಕೊರತೆಯಾಗಿರುವುದು ಶಕ್ತಿಯಲ್ಲ, ಗುರಿ. ಹೊಟ್ಟೆತುಂಬ ಪೌಷ್ಟಿಕ ಊಟ, ನಿದ್ದೆ, ವ್ಯಾಯಾಮ ದೇಹಕ್ಕೆ ಬೇಕು, ಮಕ್ಕಳಿಗೆ ವೇಳಾಪಟ್ಟಿಯ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಯಾವ ಡಬ್ಬಿಯೂ ಬಿ ಕೋಶಕ್ಕೆ ಸರಿಯಾದ ಗುರುತನ್ನು ಕಲಿಸಲಾರದು.

ಡೆಂಗಿ ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ, ಅವನ್ನು ಮುಟ್ಟಬೇಡಿ. ಗಂಜಿ, ಎಳನೀರು, ಒಆರ್‌ಎಸ್, ಮಜ್ಜಿಗೆ ಧಾರಾಳವಾಗಿ ಕೊಡಿ. ಜ್ವರ ಬಿಟ್ಟ ಮೇಲಿನ ಎರಡು ದಿನ ರೋಗಿಯ ಪಕ್ಕ ಯಾರಾದರೂ ಇರಲಿ. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲೋ ಮಲದಲ್ಲೋ ರಕ್ತ ಕಂಡರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾಗಿಯೋ ಚಡಪಡಿಸುತ್ತಲೋ ಇದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈದ್ಯರು ಪ್ಲೇಟ್‌ಲೆಟ್ ಬೇಡ ಎಂದಾಗ ಅವರನ್ನು ಒತ್ತಾಯಿಸಬೇಡಿ.

ಉಳಿದ ಕೆಲಸ ಮನೆಯ ಸುತ್ತಲಿನದು. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ, ಕೂಲರ್, ಹೂಕುಂಡದ ತಟ್ಟೆಗಳ ನೀರು ಚೆಲ್ಲಿ ಉಜ್ಜಿ ಒಣಗಿಸಿ. ಸಂಪಿನ ಮುಚ್ಚಳ ಭದ್ರಪಡಿಸಿ, ಮಹಡಿಯ ಮೇಲಿನ ಹಳೆ ಟೈರು, ಎಳನೀರಿನ ಬುರುಡೆಗಳನ್ನು ತೆಗೆದುಹಾಕಿ. ಲಾರ್ವಾ ಹುಡುಕಲು ಬರುವ ಆಶಾ ಕಾರ್ಯಕರ್ತೆಗೆ ಬಾಗಿಲು ತೆರೆಯಿರಿ. ನಾಲ್ಕೂ ಬಗೆಯ ಡೆಂಗಿಯನ್ನು ಒಂದೇ ಸಮನಾಗಿ ತಡೆಯುವ ಉಪಾಯ ಇವತ್ತು ನಮ್ಮ ಕೈಯಲ್ಲಿರುವುದು ಇದೊಂದೇ. ಈ ಭಾನುವಾರವೇ ಶುರುಮಾಡಿ.